ಶಾಸನಶೋಧನೆಯ ಜೀಪಿನಲ್ಲಿ ಇನ್ವರ್ಟರಿನ ಸ್ಥಾನನಿರ್ಣಯ

ಶಾಸನಗಳನ್ನು ಅಭ್ಯಾಸಮಾಡತಕ್ಕವನಿಗೆ ವಿದ್ಯುತ್ತಿನ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಐವತ್ತು ವರ್ಷಗಳ ಹಿಂದೆ ಈ ಪ್ರಶ್ನೆಗೆ ಬೆಲೆಯಿತ್ತು. ಆಗ ಶಾಸನದ ಪಡಿಯಚ್ಚನ್ನು ತೆಗೆಯುವುದಕ್ಕೆ ಬೇಕಾಗುತ್ತಿದ್ದುದು ಕಾಗದ, ಕುಂಚ, ಮಸಿ, ಒಂದು ಕೊಡ ನೀರು, ಮತ್ತು ತಾಳ್ಮೆ. ಬಿ. ಎಲ್. ರೈಸ್ ಅವರು 1886ರಲ್ಲಿ ಮೊದಲ್ಗೊಂಡು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ಹೊರತಂದುದೂ, ಅವರ ತರುವಾಯ 1906ರಲ್ಲಿ ಮೈಸೂರಿನ ಪ್ರಾಚ್ಯ ಸಂಶೋಧನೆಯ ಹೊಣೆಯನ್ನು ಹೊತ್ತ ಆರ್. ನರಸಿಂಹಾಚಾರ್ಯರು ಆ ಕಾರ್ಯವನ್ನು ಮುಂದುವರಿಸಿದುದೂ ಇಂಥ ಸಾಮಗ್ರಿಗಳ ಬಲದಿಂದಲೇ. ಇಂದು ಕಾಗದ ಮಸಿಗಳ ಜೊತೆಗೆ ಮೂರು ಆಯಾಮಗಳಲ್ಲಿ ಕಲ್ಲಿನ ಮೈಯನ್ನು ಅಳೆಯುವ ಸ್ಕ್ಯಾನರ್, ಅದರ ಮಾಹಿತಿಯನ್ನು ಒಡನೆಯೇ ಸ್ವೀಕರಿಸುವ ಲ್ಯಾಪ್‌ಟಾಪು, ಓರೆಬೆಳಕನ್ನು ಬೀರುವ ದೀಪ, ಕ್ಯಾಮೆರಾ ಇವೂ ಸೇರಿವೆ. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಇತ್ತೀಚಿನ ವರ್ಷಗಳಲ್ಲಿ ನಗರದ ಮತ್ತು ಸುತ್ತಲ ಸೀಮೆಯ ಶಾಸನಗಳನ್ನು ಈ ವಿಧಾನದಿಂದ ಸಂರಕ್ಷಿಸುವ ಕಾರ್ಯವನ್ನು ಕೈಗೊಂಡಿರುವುದು ವಾಚಕರಿಗೆ ತಿಳಿದೇ ಇದೆ. ಕಾಲೇಜುಗಳ ಇತಿಹಾಸ ವಿಭಾಗಗಳೂ ಈ ಮಾರ್ಗವನ್ನು ಹಿಡಿಯಬೇಕಾದ ಕಾಲ ಬಂದಿದೆ.

ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಾಲಯದಲ್ಲಿರುವ, ವೆಂಕೋಜಿಯ ಕಾಲದ 1669ರ ಶಾಸನವನ್ನು ಪರೀಕ್ಷಿಸುವವನಿಗೆ ವಿದ್ಯುತ್ತಿನ ಕೊರತೆಯಿಲ್ಲ; ನೆರೆಮನೆಯಿಂದಲೋ ಅಂಗಡಿಯಿಂದಲೋ ಒಂದು ತಂತಿಯನ್ನು ಎಳೆದುಕೊಂಡರೆ ಸಾಕು. ಆದರೆ ಮಾಗಡಿ ಕನಕಪುರಗಳ ಕಡೆಯ ಗುಡ್ಡಗಾಡಿನಲ್ಲಿ, ಕೆರೆಯ ಏರಿಯ ಹಿಂದೆ, ಲಂಟಾನದ ಪೊದೆಯ ನಡುವೆ ಒರಗಿರುವ ವೀರಗಲ್ಲಿನ ಬಳಿ ಅಂಥ ಅನುಕೂಲವಿರುವುದಿಲ್ಲ. ಬಂಡಿಜಾಡಿನಲ್ಲಿ ಜೀಪು ಎಲ್ಲಿಯವರೆಗೆ ಹೋಗಬಲ್ಲುದೋ ಅಲ್ಲಿಯವರೆಗೆ ಮಾತ್ರ ವಿದ್ಯುತ್ತೂ ಹೋಗುತ್ತದೆ. ಜೀಪಿನ ಬ್ಯಾಟರಿಯಲ್ಲಿರುವ ವಿದ್ಯುತ್ತನ್ನು ಮನೆಯ ವಿದ್ಯುತ್ತಿನ ರೂಪಕ್ಕೆ ತಿರುಗಿಸಿಕೊಡುವ ಉಪಕರಣವೇ ಇನ್ವರ್ಟರ್. ಯಾವ ಇನ್ವರ್ಟರನ್ನು ಕೊಳ್ಳಬೇಕೆಂಬುದನ್ನು ಅಂಗಡಿಯವರು ಹೇಳುತ್ತಾರೆ. ಅದನ್ನು ವಾಹನದಲ್ಲಿ ಎಲ್ಲಿ ಕೂರಿಸಬೇಕೆಂಬುದನ್ನು ಬಹುಮಟ್ಟಿಗೆ ಯಾರೂ ಹೇಳುವುದಿಲ್ಲ. ಜಾಗ ಸಿಕ್ಕಿದ ಕಡೆ ಇಡುವುದೇ ವಾಡಿಕೆ. ಈ ವಾಡಿಕೆಯು ಏಕೆ ಅಪಾಯಕರವೆಂಬುದನ್ನೂ ಸ್ಥಾನವನ್ನು ನಿರ್ಣಯಿಸುವ ಕ್ರಮವೇನೆಂಬುದನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶಿವನಸಮುದ್ರದ ಪಾಠ

ಈ ಪ್ರಶ್ನೆಯ ಮೂಲತತ್ತ್ವವು ನಮ್ಮ ನಾಡಿನ ಇತಿಹಾಸದಲ್ಲಿಯೇ ಅಡಗಿದೆ. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಉತ್ಪತ್ತಿಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಬೆಂಗಳೂರು ಜಿಲ್ಲೆಯ ಶಾಸನಗಳನ್ನೊಳಗೊಂಡ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವು ಪ್ರಕಟವಾದುದೂ ಅದೇ 1905ರಲ್ಲಿ ಎಂಬುದು ನೆನೆಯತಕ್ಕ ಸಂಗತಿ.

ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದುದು ಹೇಗೆ? ತಂತಿಯಲ್ಲಿ ಹರಿಯುವ ವಿದ್ಯುತ್ಪ್ರವಾಹಕ್ಕೆ ತಂತಿಯೇ ರೋಧವನ್ನು ಒಡ್ಡುತ್ತದೆ. ಆ ರೋಧದಿಂದ ಶಕ್ತಿಯು ಶಾಖವಾಗಿ ವ್ಯಯವಾಗುತ್ತದೆ. ಈ ವ್ಯಯವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ; ಎಂದರೆ ಪ್ರವಾಹವು ಇಮ್ಮಡಿಯಾದರೆ ವ್ಯಯವು ನಾಲ್ಮಡಿಯಾಗುತ್ತದೆ. ಒಂದೇ ಪ್ರಮಾಣದ ಶಕ್ತಿಯನ್ನು ಹೆಚ್ಚು ವೋಲ್ಟೇಜಿನಲ್ಲಿ ಕಳುಹಿಸಿದರೆ ಪ್ರವಾಹವು ಕಡಿಮೆ ಸಾಕು. ಆದುದರಿಂದಲೇ ಶಿವನಸಮುದ್ರದ ಎಂಜಿನಿಯರುಗಳು ಮೂವತ್ತು ಸಾವಿರ ವೋಲ್ಟುಗಳ ಮಟ್ಟದ ಪರ್ಯಾಯ ವಿದ್ಯುತ್ತನ್ನು ದೂರಕ್ಕೆ ಸಾಗಿಸಿ, ಗಣಿಯ ಬಳಿಯಲ್ಲಿ ಅದರ ವೋಲ್ಟೇಜನ್ನು ಇಳಿಸಿಕೊಂಡರು. ದೂರವನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಕ್ರಮಿಸಬೇಕು, ತಗ್ಗಿನ ವೋಲ್ಟೇಜಿನ ದಾರಿಯನ್ನು ಗಿಡ್ಡವಾಗಿಡಬೇಕು ಎಂಬುದು ಅವರು ಅನುಸರಿಸಿದ ಸೂತ್ರ.

ಜೀಪಿನ ಒಳಗೂ ಈ ಸೂತ್ರವೇ ಅನ್ವಯಿಸುತ್ತದೆ. ಬ್ಯಾಟರಿಯು ಕೊಡುವುದು 12 ವೋಲ್ಟಿನ ನೇರ ಪ್ರವಾಹ, ಎಂದರೆ ಡಿ.ಸಿ.; ಇನ್ವರ್ಟರಿನಿಂದ ಹೊರಬರುವುದು 230 ವೋಲ್ಟಿನ ಪರ್ಯಾಯ ಪ್ರವಾಹ, ಎಂದರೆ ಎ.ಸಿ. ಇವೆರಡರ ನಡುವೆ ಇನ್ವರ್ಟರ್ ಎಲ್ಲಿ ನಿಲ್ಲಬೇಕು? ಬ್ಯಾಟರಿಯ ಹತ್ತಿರವೋ, ಉಪಕರಣಗಳ ಹತ್ತಿರವೋ? ಲೆಕ್ಕವೇ ಉತ್ತರ ಹೇಳುತ್ತದೆ.

೨. ಲೆಕ್ಕ

ಸ್ಕ್ಯಾನರ್, ಅದರ ಮಾಹಿತಿಯನ್ನು ಸಂಸ್ಕರಿಸುವ ಬಲವಾದ ಲ್ಯಾಪ್‌ಟಾಪು, ದೀಪ, ಚಾರ್ಜರು ಇವೆಲ್ಲ ಸೇರಿ ಸುಮಾರು 400 ವ್ಯಾಟ್ ಬೇಡುತ್ತವೆ ಎಂದಿಟ್ಟುಕೊಳ್ಳೋಣ. ಸ್ವಲ್ಪ ಅವಕಾಶವಿರಲೆಂದು 600 ವ್ಯಾಟಿನ ಇನ್ವರ್ಟರನ್ನು ಆರಿಸಿದೆವು. ಅದು ಪೂರ್ಣ ಪ್ರಮಾಣದಲ್ಲಿ ಕೆಲಸ ಮಾಡುವಾಗ 230 ವೋಲ್ಟಿನ ಕಡೆ ಹರಿಯುವ ಪ್ರವಾಹ 2.6 ಆಂಪಿಯರ್ ಮಾತ್ರ. ಆದರೆ 12 ವೋಲ್ಟಿನ ಕಡೆ 50 ಆಂಪಿಯರ್. ಪರಿವರ್ತನೆಯಲ್ಲಿ ನೂರಕ್ಕೆ ಹತ್ತು ಪಾಲು ನಷ್ಟವಾಗುತ್ತದೆಂದು ಹಿಡಿದರೆ ಸುಮಾರು 56 ಆಂಪಿಯರ್.

ಬ್ಯಾಟರಿಯು ಮುಂಭಾಗದಲ್ಲಿ ಬಾನೆಟ್ಟಿನ ಕೆಳಗಿದೆ. ಇನ್ವರ್ಟರನ್ನು ಹಿಂದಿನ ಸಾಮಾನಿನ ಜಾಗದಲ್ಲಿ ಇಟ್ಟೆವು. ನಡುವಣ ತಂತಿಯ ಹಾದಿ 5 ಮೀಟರು ಎಂದು ಭಾವಿಸೋಣ. ಪ್ರವಾಹವು ಹೋಗಿ ಬರಬೇಕಾದುದರಿಂದ ಒಟ್ಟು ತಂತಿ 10 ಮೀಟರು. 6 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಬಳಸಿದರೆ ದಾರಿಯಲ್ಲಿಯೇ ಒಂದೂವರೆ ವೋಲ್ಟಿಗಿಂತ ಹೆಚ್ಚು ಕುಸಿಯುತ್ತದೆ. ದುಡಿಯುತ್ತಿರುವ ಬ್ಯಾಟರಿಯ 12 ವೋಲ್ಟು ಇನ್ವರ್ಟರನ್ನು ಮುಟ್ಟುವ ಹೊತ್ತಿಗೆ ಹತ್ತೂವರೆಗೆ ಇಳಿದಿರುತ್ತದೆ. ಬಹುಪಾಲು ಇನ್ವರ್ಟರುಗಳು ಈ ಮಟ್ಟದಲ್ಲಿ ಕೂಗಿಕೊಂಡು ತಾವಾಗಿಯೇ ನಿಂತುಬಿಡುತ್ತವೆ. ಬ್ಯಾಟರಿಯಲ್ಲಿ ಶಕ್ತಿಯಿದ್ದೂ ಕೆಲಸ ನಿಲ್ಲುತ್ತದೆ. ಅರ್ಧ ಅಳೆದ ಶಾಸನವು ಅರ್ಧದಲ್ಲಿಯೇ ಉಳಿಯುತ್ತದೆ. 16 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ಕುಸಿತವು ಸುಮಾರು 0.6 ವೋಲ್ಟು, ತಂತಿಯು 34 ವ್ಯಾಟಿನಷ್ಟು ಶಾಖವನ್ನು ಕಕ್ಕುತ್ತದೆ.

ಈಗ ಇನ್ವರ್ಟರನ್ನು ಮುಂದಕ್ಕೆ ತಂದು, ಬ್ಯಾಟರಿಯಿಂದ 2 ಮೀಟರು ತಂತಿಯ ಅಂತರದಲ್ಲಿ ಇಡೋಣ. ಅದೇ 16 ಚದರ ಮಿಲಿಮೀಟರಿನ ತಂತಿಯಲ್ಲಿ ಕುಸಿತವು ಕಾಲು ವೋಲ್ಟು ಮಾತ್ರ. ಹಿಂಭಾಗಕ್ಕೆ ಬೇಕಾದ ವಿದ್ಯುತ್ತನ್ನು 230 ವೋಲ್ಟಿನ ಕಡೆಯಿಂದ ಸಾಮಾನ್ಯವಾದ 1.5 ಚದರ ಮಿಲಿಮೀಟರಿನ ತಂತಿಯಲ್ಲಿ 5 ಮೀಟರು ಒಯ್ದರೆ ಆಗುವ ನಷ್ಟ ಒಂದು ವ್ಯಾಟಿಗಿಂತ ಕಡಿಮೆ. ಶಿವನಸಮುದ್ರದಿಂದ ಕೋಲಾರಕ್ಕೆ ಸತ್ಯವಾದುದು ಬಾನೆಟ್ಟಿನಿಂದ ಹಿಂಬಾಗಿಲಿಗೂ ಸತ್ಯವಾಗಿದೆ. ಆದುದರಿಂದ ಮೊದಲನೆಯ ನಿಯಮ: ಇನ್ವರ್ಟರು ಬ್ಯಾಟರಿಯ ನೆರೆಯಲ್ಲಿರಬೇಕು, ದೂರವನ್ನು ಮನೆಯ ವಿದ್ಯುತ್ತೇ ನಡೆಯಲಿ.

೩. ನೆರೆಯೆಂದರೆ ಎಷ್ಟು ನೆರೆ?

ಮೇಲಿನ ನಿಯಮವನ್ನು ಅಕ್ಷರಶಃ ಪಾಲಿಸುವವನು ಇನ್ವರ್ಟರನ್ನು ಬಾನೆಟ್ಟಿನ ಕೆಳಗೆ, ಬ್ಯಾಟರಿಯ ಪಕ್ಕದಲ್ಲಿಯೇ ಕೂರಿಸಬಹುದು. ಇದು ಸಲ್ಲದು. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಶಾಖ. 600 ವ್ಯಾಟ್ ಕೊಡುವ ಇನ್ವರ್ಟರು ತಾನೇ 67 ವ್ಯಾಟಿನಷ್ಟು ಶಾಖವನ್ನು ಹೊರಹಾಕಬೇಕಾಗುತ್ತದೆ. ಸುತ್ತಲ ಗಾಳಿಯು 40 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರುವುದೆಂಬ ನಿರೀಕ್ಷೆಯಿಂದಲೇ ಸಾಮಾನ್ಯವಾಗಿ ಇಂಥ ಉಪಕರಣಗಳ ಶಕ್ತಿಯನ್ನು ನಿಗದಿಮಾಡಿರುತ್ತಾರೆ. ಎಂಜಿನ್ನಿನ ಪಕ್ಕದ ಗಾಳಿ ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಎರಡನೆಯದು ನೀರು ಮತ್ತು ಕೆಸರು. ಹಳ್ಳವನ್ನು ದಾಟುವಾಗ ಬಾನೆಟ್ಟಿನ ಒಳಗೆ ನೀರು ಚಿಮ್ಮುವುದು ಸಹಜ. ಮೂರನೆಯದು ಬ್ಯಾಟರಿಯೇ. ಸೀಸ ಮತ್ತು ಆಮ್ಲದ ಬ್ಯಾಟರಿಯು ಚಾರ್ಜಾಗುವಾಗ ಜಲಜನಕವನ್ನು ಬಿಡುತ್ತದೆ. ಅದು ಕಿಡಿ ತಾಗಿದರೆ ಸಿಡಿಯತಕ್ಕ ಅನಿಲ. ಇನ್ವರ್ಟರಿನ ಒಳಗಿನ ಸ್ವಿಚ್ಚಿನಲ್ಲಿಯೂ ತಂತಿಯನ್ನು ಜೋಡಿಸುವ ಕ್ಷಣದಲ್ಲಿಯೂ ಕಿಡಿ ಹುಟ್ಟಬಹುದು. ಆಮ್ಲದ ಆವಿಯು ಲೋಹದ ಕೂಡುಗಳನ್ನು ತಿನ್ನುವುದೂ ಉಂಟು. ಆದುದರಿಂದ ಬ್ಯಾಟರಿಯ ನೆರೆ ಬೇಕು, ಬ್ಯಾಟರಿಯ ಕೋಣೆ ಬೇಡ. ಎಂಜಿನ್ನಿಗೂ ಆಸನಗಳಿಗೂ ನಡುವೆ ಇರುವ ಉಕ್ಕಿನ ಗೋಡೆಯ ಈಚೆ, ವಾಹನದ ಒಳಗೆ, ಅದು ಇರಬೇಕು.

೪. ಒಳಗಿನ ಜಾಗಗಳ ಪರಿಶೀಲನೆ

ವಾಹನದ ಒಳಗೆ ಸಾಮಾನ್ಯವಾಗಿ ಸೂಚಿಸುವ ಸ್ಥಳಗಳು ಐದು. ಒಂದೊಂದರ ಗುಣದೋಷಗಳನ್ನೂ ತೂಗಿ ನೋಡೋಣ.

ಆಸನದ ಮೇಲೆ ಸಡಿಲವಾಗಿ ಇಡುವುದು ಮೊದಲನೆಯದು. ಇದು ಸ್ಥಾನವೇ ಅಲ್ಲ. ಎರಡು ಮೂರು ಕಿಲೋಗ್ರಾಮಿನ ಲೋಹದ ಪೆಟ್ಟಿಗೆಯು ವಾಹನ ಥಟ್ಟನೆ ನಿಂತಾಗ ಮುಂದೆ ಕುಳಿತವರ ತಲೆಯ ಮೇಲೆ ಎರಗಬಹುದು. ಜೀಪಿನಲ್ಲಿ ಕುಳಿತಿರುವವರು ನಮ್ಮ ವಿದ್ಯಾರ್ಥಿಗಳು ಎಂಬುದನ್ನು ಅಧ್ಯಾಪಕನಾದವನು ಮರೆಯಕೂಡದು.

ಎರಡನೆಯದು ನೆಲ. ಹಾದಿಯಿಲ್ಲದ ಕಡೆ ಓಡಾಡುವ ವಾಹನದ ನೆಲವು ಒದ್ದೆಯಾಗಿಯೇ ಇರುತ್ತದೆ. ಹಳ್ಳದಲ್ಲಿ ಬಾಗಿಲಿನ ಸಂದಿನಿಂದ ನುಗ್ಗುವ ನೀರು, ಬೂಟುಗಳಿಗೆ ಅಂಟಿದ ಕೆಸರು, ಪಡಿಯಚ್ಚಿಗಾಗಿ ಒಯ್ದ ಕೊಡದಿಂದ ತುಳುಕಿದ ನೀರು ಎಲ್ಲವೂ ಸೇರುವುದು ಅಲ್ಲಿಗೇ.

ಮೂರನೆಯದು ಮುಂದಿನ ಆಸನದ ಅಡಿ. ಬ್ಯಾಟರಿಗೆ ಹತ್ತಿರ, ಕಣ್ಣಿಗೆ ಮರೆ, ಕಾಲಿಗೆ ತಾಕದು ಎಂಬ ಕಾರಣಗಳಿಂದ ಬಹಳ ಮಂದಿ ಇದನ್ನು ಮೆಚ್ಚುತ್ತಾರೆ. ಆದರೆ ಗಾಳಿಯಾಟವು ಇಲ್ಲಿ ಕಡಿಮೆ. ಹೊದಿಕೆ, ಚೀಲ, ಕಾಗದಗಳು ಜಾರಿ ಫ್ಯಾನಿನ ಬಾಯನ್ನು ಮುಚ್ಚುತ್ತವೆ. ಆಸನವನ್ನು ಹಿಂದೆ ಮುಂದೆ ಸರಿಸುವಾಗ ಕಂಬಿಯು ತಂತಿಯನ್ನು ಕತ್ತರಿಸಬಹುದು. ನೆಲದಿಂದ ನಾಲ್ಕು ಬೆರಳಾದರೂ ಎತ್ತರಿಸಿ, ಸುತ್ತಲೂ ಅಷ್ಟೇ ತೆರಪು ಬಿಡುವುದು ಸಾಧ್ಯವಾದರೆ ಮಾತ್ರ ಈ ಜಾಗವನ್ನು ಒಪ್ಪಬಹುದು. ಆಸನದ ಅಡಿಯಲ್ಲಿ ಏರ್‌ಬ್ಯಾಗಿನ ತಂತಿಗಳು ಹಾದಿರುವ ವಾಹನಗಳಲ್ಲಿ ಇದನ್ನು ಬಿಡುವುದೇ ಲೇಸು.

ನಾಲ್ಕನೆಯದು ಮುಂದಿನ ಪ್ರಯಾಣಿಕನ ಕಾಲಿನ ಬಳಿಯ ನೆಟ್ಟನೆಯ ಫಲಕ, ಡ್ಯಾಷ್‌ಬೋರ್ಡಿನ ಕೆಳಗಡೆ. ಬ್ಯಾಟರಿಗೆ ಇರುವ ತಂತಿಯ ಹಾದಿ ಇಲ್ಲಿ ಅತಿ ಗಿಡ್ಡ. ನೆಲದಿಂದ ಎತ್ತರದಲ್ಲಿದೆ, ಗಾಳಿ ಆಡುತ್ತದೆ, ಸ್ವಿಚ್ಚು ಕೈಗೆ ಎಟಕುತ್ತದೆ, ಎಚ್ಚರಿಕೆಯ ಕೂಗು ಕಿವಿಗೆ ಬೀಳುತ್ತದೆ. ಪ್ರಯಾಣಿಕನ ಮೊಣಕಾಲು ತಾಕದಂತೆಯೂ ಏರ್‌ಬ್ಯಾಗು ತೆರೆಯುವ ದಾರಿಗೆ ಅಡ್ಡವಾಗದಂತೆಯೂ ನೋಡಿಕೊಳ್ಳಬೇಕು. ಚಾಲಕನ ಕಡೆ ಮಾತ್ರ ಇದನ್ನು ಎಂದಿಗೂ ಕೂರಿಸಕೂಡದು. ಸಡಿಲವಾದ ಒಂದು ತಂತಿ ಬ್ರೇಕಿನ ಪೆಡಲಿಗೆ ಸಿಕ್ಕಿಕೊಂಡರೆ ಸಾಕು.

ಐದನೆಯದು ಹಿಂಭಾಗದ ಪಕ್ಕದ ಗೋಡೆ, ಚಕ್ರದ ಕಮಾನಿನ ಮೇಲುಗಡೆ. ಒಣಗಿದ ಜಾಗ, ಎತ್ತರವಾದ ಜಾಗ. ಹಿಂಬಾಗಿಲನ್ನು ತೆರೆದು ಅಲ್ಲಿಯೇ ಲ್ಯಾಪ್‌ಟಾಪನ್ನು ಹರವಿಕೊಂಡು ಕೆಲಸ ಮಾಡುವವರಿಗೆ ಇದಕ್ಕಿಂತ ಅನುಕೂಲವಾದುದಿಲ್ಲ. ಇದರ ಏಕಮಾತ್ರ ದೋಷ ಬ್ಯಾಟರಿಯಿಂದ ಇರುವ ದೂರ. 35 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ಕುಸಿತವು 0.3 ವೋಲ್ಟಿಗೆ ಇಳಿಯುವುದು ನಿಜ; ಆದರೆ ಅಂಥ ತಂತಿಯು ತೂಕದಲ್ಲಿಯೂ ಬೆಲೆಯಲ್ಲಿಯೂ ಭಾರವಾದುದು. ಬ್ಯಾಟರಿಯನ್ನೇ ಹಿಂದಕ್ಕೆ ತರುವುದು ಸಾಧ್ಯವಾದರೆ ಈ ದೋಷವು ಪರಿಹಾರವಾಗುತ್ತದೆ. ಇದು ಎರಡನೆಯ ಬ್ಯಾಟರಿಯ ಪ್ರಶ್ನೆಯನ್ನು ಎತ್ತುತ್ತದೆ.

೫. ಎರಡನೆಯ ಬ್ಯಾಟರಿ

60 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅಡಕವಾಗಿರುವುದು 720 ವ್ಯಾಟ್-ಗಂಟೆಯಷ್ಟು ಶಕ್ತಿ. ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ಉಳಿದುದು ಸೆಲ್ಫಿನಿಂದ ಎಂಜಿನ್ನನ್ನು ಎಬ್ಬಿಸಲು ಬೇಕು. ಎಂದರೆ ನಮಗೆ ಸಲ್ಲುವುದು 360 ವ್ಯಾಟ್-ಗಂಟೆ. ನಮ್ಮ 400 ವ್ಯಾಟಿನ ಉಪಕರಣಗಳು ಪರಿವರ್ತನೆಯ ನಷ್ಟವೂ ಸೇರಿ ಸುಮಾರು 444 ವ್ಯಾಟ್ ಎಳೆಯುವುದರಿಂದ, ಎಂಜಿನ್ ನಿಂತಿರುವಾಗ ಮುಕ್ಕಾಲು ಗಂಟೆಯಲ್ಲಿ ಈ ಪಾಲು ತೀರಿಹೋಗುತ್ತದೆ. ಒಂದು ವೀರಗಲ್ಲಿನ ಮೂರು ಹಂತದ ಶಿಲ್ಪವನ್ನೂ ನಡುವಣ ಬರೆಹವನ್ನೂ ಸಾವಧಾನವಾಗಿ ಅಳೆಯಲು ಅಷ್ಟು ಕಾಲ ಸಾಲದೆ ಹೋಗಬಹುದು. ಎಂಜಿನ್ನನ್ನು ಓಡಿಸುತ್ತಲೇ ಇದ್ದರೆ ಆಲ್ಟರ್ನೇಟರು ಬ್ಯಾಟರಿಯನ್ನು ತುಂಬುತ್ತದೆ. ಆದರೆ ಹೊಗೆ, ಸದ್ದು, ಇಂಧನದ ಖರ್ಚು ಇವುಗಳ ಜೊತೆಗೆ ಎಂಜಿನ್ನಿನ ಅದುರು ಸಮೀಪದ ಸ್ಕ್ಯಾನರಿಗೂ ತಟ್ಟಬಹುದು.

ಆದುದರಿಂದ ಪದೇ ಪದೇ ಕ್ಷೇತ್ರಕಾರ್ಯಕ್ಕೆ ಹೊರಡುವ ವಿಭಾಗವು ಹಿಂಭಾಗದಲ್ಲಿ ಎರಡನೆಯ ಬ್ಯಾಟರಿಯನ್ನು ಇಡುವುದು ಯುಕ್ತ. ಎರಡು ಬ್ಯಾಟರಿಗಳ ನಡುವೆ, ಎಂಜಿನ್ ಓಡುವಾಗ ಮಾತ್ರ ಕೂಡಿಸಿ ನಿಂತೊಡನೆ ಬೇರ್ಪಡಿಸುವ ಸಾಧನವನ್ನು ಹಾಕಬೇಕು. ಆಗ ಮುಂದಿನ ಬ್ಯಾಟರಿಯು ಎಂಜಿನ್ನಿಗೇ ಮೀಸಲಾಗಿ ಉಳಿಯುತ್ತದೆ. ಸಂಜೆ ಕತ್ತಲಾದ ಮೇಲೆ ಕಾಡಿನ ಅಂಚಿನಲ್ಲಿ ಜೀಪನ್ನು ತಳ್ಳುವ ಪ್ರಸಂಗ ಬರುವುದಿಲ್ಲ. ಇನ್ವರ್ಟರು ಹಿಂದಿನ ಬ್ಯಾಟರಿಯಿಂದ ಒಂದು ಮೀಟರಿನೊಳಗೆ, ಆದರೆ ಅದರ ನೆತ್ತಿಯ ಮೇಲಲ್ಲದೆ, ಪಕ್ಕದ ಗೋಡೆಯಲ್ಲಿರಲಿ. ವಾಹನದ ಒಳಗೆ ಇಡುವ ಬ್ಯಾಟರಿಯು ಮುಚ್ಚಿದ ಬಗೆಯದಾಗಿದ್ದು, ಪೆಟ್ಟಿಗೆಯಲ್ಲಿ ಬಿಗಿಯಾಗಿ ಕೂತಿರತಕ್ಕದ್ದು.

೬. ಕೂರಿಸುವ ಕ್ರಮ

ಸ್ಥಾನವು ನಿಶ್ಚಯವಾದ ಮೇಲೆ ಗಮನಿಸಬೇಕಾದ ಅಂಶಗಳು ಕೆಲವಿವೆ. ಎಲ್ಲಕ್ಕಿಂತ ಮುಖ್ಯವಾದುದು ಫ್ಯೂಸು. ಅದು ಬ್ಯಾಟರಿಯ ಧನಧ್ರುವದಿಂದ ಒಂದು ಗೇಣಿನೊಳಗೆ ಇರಬೇಕು. ಇನ್ವರ್ಟರಿನ ಬಳಿ ಫ್ಯೂಸನ್ನು ಹಾಕಿದರೆ, ನಡುವೆ ಎಲ್ಲಿಯಾದರೂ ತಂತಿಯ ಹೊದಿಕೆ ಸವೆದು ವಾಹನದ ಮೈಗೆ ತಾಕಿದಾಗ ಬ್ಯಾಟರಿಯಿಂದ ನೂರಾರು ಆಂಪಿಯರುಗಳು ತಡೆಯಿಲ್ಲದೆ ಹರಿಯುತ್ತವೆ. ತಂತಿ ಕೆಂಪಗೆ ಕಾದು ಬೆಂಕಿ ಹತ್ತುತ್ತದೆ. ಫ್ಯೂಸು ಕಾಯುವುದು ತನ್ನ ಮುಂದಿರುವ ತಂತಿಯನ್ನು, ಹಿಂದಿರುವುದನ್ನಲ್ಲ. ಮೇಲೆ ಹೇಳಿದ ಪ್ರಮಾಣಗಳಿಗೆ 80 ಆಂಪಿಯರಿನ ಫ್ಯೂಸು ಹೊಂದುತ್ತದೆ.

ಉಕ್ಕಿನ ಗೋಡೆಯನ್ನು ತಂತಿ ಹಾಯುವ ಕಡೆ ರಂಧ್ರಕ್ಕೆ ರಬ್ಬರಿನ ಬಳೆಯನ್ನು ತೊಡಿಸಬೇಕು. ಬರಿಯ ತಗಡಿನ ಅಂಚು ಬಂಡಿಜಾಡಿನ ಕುಲುಕಾಟದಲ್ಲಿ ಗರಗಸದಂತೆ ವರ್ತಿಸುತ್ತದೆ. ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನ ಒಳಹೊದಿಕೆಗೆ ಸ್ಕ್ರೂ ಹೊಡೆದು ನಿಲ್ಲಿಸಬಾರದು. ವಾಹನದ ಲೋಹದ ಮೈಗೆ, ಹಿಂದೆ ಒಂದು ಪಟ್ಟಿಯನ್ನು ಕೊಟ್ಟು, ಸಡಿಲಗೊಳ್ಳದ ನಟ್ಟುಗಳಿಂದ ಬಿಗಿಯಬೇಕು. ರಂಧ್ರವನ್ನು ಕೊರೆಯುವ ಮೊದಲು ಆ ತಗಡಿನ ಹಿಂದೆ ಇಂಧನದ ಕೊಳವೆಯಾಗಲಿ ತಂತಿಯಾಗಲಿ ಇಲ್ಲವೆಂದು ನೋಡುವುದು ಅಗತ್ಯ. ತಂತಿಯ ತುದಿಗಳನ್ನು ತಿರುಚಿ ಸುತ್ತದೆ, ಒತ್ತಿ ಕೂಡಿಸಿದ ಲಗ್ಗುಗಳ ಮೂಲಕವೇ ಜೋಡಿಸಬೇಕು. 230 ವೋಲ್ಟು ಮನೆಯಲ್ಲಿ ಎಷ್ಟು ಅಪಾಯಕರವೋ ಜೀಪಿನಲ್ಲಿಯೂ ಅಷ್ಟೇ ಅಪಾಯಕರ. ಆದುದರಿಂದ ಹೊರಗೆ ಒಯ್ಯುವ ತಂತಿಗೆ ಎರಡು ಪದರದ ಹೊದಿಕೆಯೂ, ಸಾಕೆಟ್ಟಿಗೆ ಮುಚ್ಚಳವೂ ಇರಲಿ. ಭೂಸಂಪರ್ಕದ ವಿಷಯದಲ್ಲಿ ತಯಾರಕರ ಸೂಚನೆಯನ್ನು ಚಾಚೂ ತಪ್ಪದೆ ಅನುಸರಿಸಲಿ.

ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿ ಮುಚ್ಚಿದ ವಾಹನದ ಒಳಗೆ ಶಾಖವು 50 ಡಿಗ್ರಿಯನ್ನು ಮೀರುವುದುಂಟು. ಇನ್ವರ್ಟರನ್ನು ಚಾಲನೆಮಾಡುವ ಮೊದಲು ಬಾಗಿಲುಗಳನ್ನು ತೆರೆದಿಟ್ಟು ಗಾಳಿಯಾಡಿಸಬೇಕು. ಲೋಹದ ರೆಕ್ಕೆಗಳು ನೆಟ್ಟಗೆ ನಿಲ್ಲುವಂತೆ ಕೂರಿಸಿದರೆ ಬಿಸಿಗಾಳಿಯು ತಾನಾಗಿಯೇ ಮೇಲೇರುತ್ತದೆ. ಫ್ಯಾನಿನ ಬಾಯಿ ಮೇಲ್ಮುಖವಾಗಿದ್ದರೆ ಧೂಳು ಒಳಗೆ ಬೀಳುತ್ತದೆ.

ಬೆಂಗಳೂರಿನ ಕಾಲೇಜುಗಳಿಗೆ ಈ ಸಾಮಗ್ರಿಗಳು ದೂರವೇನಲ್ಲ. ತಂತಿ, ಫ್ಯೂಸು, ಲಗ್ಗುಗಳು ಸಾದರ ಪತ್ರಪ್ಪ ರಸ್ತೆಯಲ್ಲಿಯೂ, ವಾಹನದ ಬಿಡಿಭಾಗಗಳು ಜೆ. ಸಿ. ರಸ್ತೆಯಲ್ಲಿಯೂ ದೊರೆಯುತ್ತವೆ, ಬಸವನಗುಡಿ ಚಾಮರಾಜಪೇಟೆಗಳಿಂದ ಎರಡೂ ಹತ್ತಿರವೇ. ಆದರೆ ಜೋಡಣೆಯನ್ನು ಅನುಭವವುಳ್ಳ ಆಟೋ ಎಲೆಕ್ಟ್ರಿಷಿಯನ್ನನೇ ಮಾಡಲಿ. ಸ್ಥಾನವನ್ನು ನಿರ್ಣಯಿಸುವಾಗ ಮಾತ್ರ ಅಧ್ಯಾಪಕನು ಪಕ್ಕದಲ್ಲಿ ನಿಂತಿರಲಿ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ವಾಹನದ ಮೂಲರೂಪದ ಮಾರ್ಪಾಟನ್ನು ನಿರ್ಬಂಧಿಸುವುದರಿಂದ, ವಾಹನದ ಮೈಯನ್ನು ಕತ್ತರಿಸುವಂಥ ಕೆಲಸಕ್ಕೆ ಕೈಹಾಕದಿರುವುದೂ, ವಿಮೆಯ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದೂ ವಿವೇಕ.

೭. ಉಪಸಂಹಾರ

ಇದುವರೆಗಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಒಂದೇ ಬ್ಯಾಟರಿಯುಳ್ಳ ಜೀಪಿನಲ್ಲಿ ಇನ್ವರ್ಟರಿನ ಸ್ಥಾನವು ಮುಂದಿನ ಪ್ರಯಾಣಿಕನ ಕಡೆಯ ನೆಟ್ಟನೆಯ ಫಲಕ. ಎರಡು ಬ್ಯಾಟರಿಗಳಿದ್ದರೆ ಹಿಂಭಾಗದ ಪಕ್ಕದ ಗೋಡೆ. ಎರಡರಲ್ಲಿಯೂ ಬ್ಯಾಟರಿಗೆ ಹತ್ತಿರ, ನೀರಿಗೆ ದೂರ, ಗಾಳಿಗೆ ತೆರವು, ಕೈಗೆ ಎಟಕು, ತಲೆಗೆ ನಿರಪಾಯ ಎಂಬ ಐದು ಲಕ್ಷಣಗಳೂ ಕೂಡಿರಬೇಕು. ಕ್ಯಾಮೆರಾ ಮತ್ತು ದೀಪಗಳನ್ನು 12 ವೋಲ್ಟಿನಿಂದಲೇ ನೇರವಾಗಿ ಚಾರ್ಜು ಮಾಡಿಕೊಳ್ಳುವಂತಿದ್ದರೆ ಇನ್ವರ್ಟರಿನ ಹೊರೆಯು ಅಷ್ಟರಮಟ್ಟಿಗೆ ಇಳಿಯುತ್ತದೆ. ಅದು ಇನ್ನೂ ಒಳ್ಳೆಯದು.

ಸುಮಾರು ಕ್ರಿ. ಶ. 890ರ ಕಾಲದ ಬೇಗೂರಿನ ಶಾಸನದಲ್ಲಿ ಬೆಂಗಳೂರೆಂಬ ಹೆಸರು ಉಳಿದುಬಂದುದರಿಂದಲೇ ನಮ್ಮ ಊರಿನ ಹೆಸರಿನ ಪ್ರಾಚೀನತೆಯು ನಮಗೆ ತಿಳಿಯಿತು. ರೈಸ್ ಅವರು ದಾಖಲಿಸಿದ ಶಾಸನಗಳಲ್ಲಿ ಎಷ್ಟೋ ಕಲ್ಲುಗಳು ಈಗ ಸ್ಥಳದಲ್ಲಿಲ್ಲ. ಕೆಲವು ರಸ್ತೆಯ ಅಡಿಗೆ, ಕೆಲವು ಕಟ್ಟಡದ ಪಾಯಕ್ಕೆ ಸೇರಿಹೋದವು. ಇಂದು ನಿಂತಿರುವ ಕಲ್ಲು ಮುಂದಿನ ವರ್ಷವೂ ನಿಂತಿರುವುದೆಂಬ ಭರವಸೆ ಯಾರಿಗೂ ಇಲ್ಲ. ಅದರ ಮುಂದೆ ನಮಗೆ ದೊರೆಯುವ ಒಂದು ಹಗಲನ್ನು, ತೆಳುವಾದ ಒಂದು ತಂತಿಯ ದೆಸೆಯಿಂದ ಕಳೆದುಕೊಳ್ಳುವುದು ನ್ಯಾಯವಲ್ಲ. ವಿಭಾಗದ ಜೀಪು ಊರಿನಿಂದ ಹೊರಡುವ ಹಿಂದಿನ ದಿನ, ಎಲ್ಲ ಉಪಕರಣಗಳನ್ನೂ ಜೋಡಿಸಿ, ಎಂಜಿನ್ನನ್ನು ನಿಲ್ಲಿಸಿ, ಅರ್ಧ ಗಂಟೆ ಓಡಿಸಿ ನೋಡಿ, ತಂತಿಯ ಕೂಡುಗಳನ್ನು ಮುಟ್ಟಿ ಪರೀಕ್ಷಿಸುವ ಪದ್ಧತಿಯನ್ನು ಇಟ್ಟುಕೊಳ್ಳಬೇಕು. ಕೂಡು ಬೆಚ್ಚಗಿದ್ದರೆ ಅದನ್ನು ಬಿಗಿಯುವುದಕ್ಕೆ ಅದೇ ತಕ್ಕ ಸಮಯ.